ನಡುವಿನ ಬೆಲೆಯ ಹೈ-ಫೈ: ಕೊಳ್ಳಬಹುದೇ, ರಿಪೇರಿ ಆಗುತ್ತದೆಯೇ?

ಪ್ರಶ್ನೆ: "ಎಂಬತ್ತು ಸಾವಿರ ಕೂಡಿಟ್ಟೀನ್ರಿ. ಒಂದು ಆಂಪ್ಲಿಫೈಯರ್, ಜೋಡಿ ಸ್ಪೀಕರ್ ತಗೋಬೇಕು. ಅಂಗಡ್ಯಾಗ ಕೇಳಿದ್ರ ಹದಿನೈದು ಸಾವಿರದ ಸೌಂಡ್‌ಬಾರ್ ತೋರಸ್ತಾರ, ಇಲ್ಲಾಂದ್ರ ಪುಣೆಕ್ಕ ಹೋಗಿ ಎರಡು ಲಕ್ಷದ್ದ ನೋಡ್ರಿ ಅಂತಾರ. ನಡುವಿನ ಕಂಪನಿಗಳು ಎಲ್ಲಿ ಹೋದುವ್ರಿ? ಅವರದ್ದ ತಗೊಂಡ್ರ ಮುಂದ ರಿಪೇರಿ ಆಗ್ತತೇನ್ರಿ?" (ಬಾಗಲಕೋಟೆ ನವನಗರದ ಓದುಗರು)

ತಗೊಳ್ಳಿ. ಆದರೆ ದುಡ್ಡನ್ನು ಹಿಂದಿನವರ ಹಾಗೆ ಅರ್ಧ ಆಂಪ್ಲಿಫೈಯರ್‌ಗೆ, ಅರ್ಧ ಸ್ಪೀಕರ್‌ಗೆ ಎಂದು ಹಂಚಬೇಡಿ. ಆ ಕಂಪನಿಗಳು ಯಾಕೆ ಸೊರಗಿದವು ಎಂದು ತಿಳಿದರೆ ಇದಕ್ಕೂ ಕಾರಣ ಸಿಗುತ್ತದೆ.

ಮಧ್ಯಮ ಬೆಲೆಯ ಕಂಪನಿಗಳಿಗೆ ಹೆಸರು ಬಂದದ್ದು ಹೆಚ್ಚಾಗಿ ಆಂಪ್ಲಿಫೈಯರ್‌ನಿಂದ. 1978ರಲ್ಲಿ ಬಂದ ಎನ್‌ಎಡಿ ಕಂಪನಿಯ 3020 ಆಂಪ್ಲಿಫೈಯರ್ ಬರೀ 20 ವಾಟ್‌ನದು, ಆದರೂ ಕಡಿಮೆ ಬೆಲೆಗೆ ಒಳ್ಳೆಯ ಧ್ವನಿ ಕೊಟ್ಟು ಜಗತ್ತಿನಲ್ಲೆಲ್ಲ ಮಾರಾಟವಾಯಿತು. ಆಗ ಅದು ವಿನ್ಯಾಸಕಾರನ ಕೈಚಳಕ. ಇವತ್ತು ಆ ಕೈಚಳಕದ ಬಹುಪಾಲು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255ರಂಥ ಒಂದು ಚಿಪ್ಪಿನೊಳಗೆ ಕೂತಿದೆ, ಯಾರು ಬೇಕಾದರೂ ಕೊಂಡು ಬೋರ್ಡಿಗೆ ಹಾಕಬಹುದು. ಇದೇ ಚಿಪ್ಪಿನ ವೀಮ್ ಆಂಪ್ ಎಂಬ ಆಂಪ್ಲಿಫೈಯರ್ 8 ಓಮ್ ಸ್ಪೀಕರ್‌ಗೆ 60 ವಾಟ್ ಕೊಡುತ್ತದೆ, ಇಂಟರ್ನೆಟ್ ಸಂಗೀತವನ್ನೂ ತಾನೇ ನುಡಿಸುತ್ತದೆ. ವಿದ್ಯುತ್ತನ್ನು ಅತಿ ವೇಗವಾಗಿ ಆನ್-ಆಫ್ ಮಾಡುತ್ತ ಕೆಲಸ ಮಾಡುವ ಕ್ಲಾಸ್-ಡಿ ಬಗೆಯದಾದ್ದರಿಂದ ಸುಮಾರು ಶೇ. 90ರಷ್ಟು ವಿದ್ಯುತ್ತು ಸ್ಪೀಕರ್‌ಗೇ ಹೋಗುತ್ತದೆ. ಶಾಖ ಹೊರಹಾಕುವ ದೊಡ್ಡ ಹೀಟ್‌ಸಿಂಕ್ ಬೇಡ. ಹಳೆಯ ಬಗೆಯ, ಹೆಚ್ಚು ಬಿಸಿಯಾಗುವ ಕ್ಲಾಸ್-ಎಬಿ ಪೆಟ್ಟಿಗೆಯೆಂದರೆ ಭಾರದ ಟ್ರಾನ್ಸ್‌ಫಾರ್ಮರ್, ಎಂಟು-ಹತ್ತು ಕಿಲೋ ತೂಕ, ಹಡಗಿನ ಬಾಡಿಗೆ, ಆಮದು ಸುಂಕ, ಕೇಳಿಸುವ ಕೋಣೆ ಇಟ್ಟುಕೊಂಡ ಡೀಲರ್‌ನ ಪಾಲು. ಈ ಖರ್ಚೊಂದೂ ಇಳಿದಿಲ್ಲ.

ಹೋಂ ಥಿಯೇಟರ್ ರಿಸೀವರ್ ಮಾಡುವವರ ಪಾಡು ಇನ್ನೂ ಕಷ್ಟ. ಟಿವಿಗೆ ಚಿತ್ರ, ಧ್ವನಿ ಸಾಗಿಸುವ ಎಚ್‌ಡಿಎಂಐ ಜೋಡಣೆಯ ಹೊಸ ಆವೃತ್ತಿ ಬಂದಾಗಲೆಲ್ಲ ಬೋರ್ಡ್ ಬದಲಿಸಬೇಕು, ಆಪ್ ಸುಧಾರಿಸುತ್ತಲೇ ಇರಬೇಕು. ಕೊಳ್ಳುವವರು ಮಾತ್ರ ಸೌಂಡ್‌ಬಾರ್ ಕಡೆ ಹೋದರು. 1946ರಲ್ಲಿ ಹುಟ್ಟಿದ ಜಪಾನಿನ ಓಂಕ್ಯೋ 2022ರಲ್ಲಿ ದಿವಾಳಿ ಅರ್ಜಿ ಹಾಕಿತು. ಡೆನಾನ್, ಮರಾಂಟ್ಜ್ ಎರಡೂ 2017ರಲ್ಲಿ ಸೌಂಡ್ ಯುನೈಟೆಡ್‌ಗೆ, 2022ರಲ್ಲಿ ವೈದ್ಯಕೀಯ ಉಪಕರಣಗಳ ಕಂಪನಿ ಮಾಸಿಮೊಗೆ, 2025ರಲ್ಲಿ ಸ್ಯಾಮ್‌ಸಂಗ್‌ನ ಹರ್ಮನ್‌ಗೆ ಕೈ ಬದಲಾದವು. ಹೀಗಾದಾಗ ಹೆಸರು ಉಳಿಯುತ್ತದೆ. ನಮ್ಮ ಭಾಗದ ಆಮದುದಾರ, ಬಿಡಿಭಾಗದ ದಾಸ್ತಾನು ಉಳಿದೇ ಉಳಿಯುತ್ತವೆ ಎನ್ನಲು ಬರುವುದಿಲ್ಲ.

ಸ್ಪೀಕರ್ ವಿಷಯ ಬೇರೆ. ಗಟ್ಟಿ ಪೆಟ್ಟಿಗೆ, ಒಳ್ಳೆಯ ಡ್ರೈವರ್ (ಧ್ವನಿ ಹೊರಡಿಸುವ ಕೋನು), ಅಳೆದು ಮಾಡಿದ ಕ್ರಾಸ್‌ಓವರ್ (ಮಂದ್ರ, ತಾರ ಸ್ವರಗಳನ್ನು ಆಯಾ ಡ್ರೈವರ್‌ಗೆ ಹಂಚುವ ಭಾಗ) ಇವುಗಳ ಕೆಲಸವನ್ನು ಯಾವ ಚಿಪ್ಪೂ ಮಾಡದು. ನಡುವಿನ ಬೆಲೆಯ ಕಂಪನಿಗಳು ಕೊಟ್ಟ ದುಡ್ಡಿಗೆ ಇಂದಿಗೂ ನ್ಯಾಯ ಒದಗಿಸುವುದು ಇಲ್ಲಿಯೇ. ಆದ್ದರಿಂದ ಐವತ್ತು ಸಾವಿರ ಸ್ಪೀಕರ್‌ಗೆ, ಇಪ್ಪತ್ತೈದು ಆಂಪ್ಲಿಫೈಯರ್‌ಗೆ, ಉಳಿದ ಐದು ಸ್ಟ್ಯಾಂಡ್ ಮತ್ತು ವೈರಿಗೆ ಇಡಿ. ವಾಟ್ ಸಾಲದೇನೋ ಎಂಬ ಅಂಜಿಕೆ ಬೇಡ: 86 ಡೆಸಿಬಲ್ ಸೂಕ್ಷ್ಮತೆಯ (ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಕೇಳುವ ಸದ್ದಿನ ಮಟ್ಟ) ಸ್ಪೀಕರ್ ಜೋಡಿಗೆ 50 ವಾಟ್ ಇದ್ದರೆ ಎಂಟು ಅಡಿ ದೂರದಲ್ಲಿ ಸುಮಾರು 100 ಡೆಸಿಬಲ್ ಏಳುತ್ತದೆ. 12×14 ಅಡಿಯ ಕೋಣೆಗೆ ಅದು ಹೆಚ್ಚೇ. ಐದು ಮೀಟರ್ ಒಳಗೆ 2.5 ಚದರ ಮಿ.ಮೀ. ತಾಮ್ರದ ವೈರು ಸಾಕು. ದುಬಾರಿ ಕೇಬಲ್ ಮಾರಲು ಬಂದರೆ ಬೇಡವೆನ್ನಿ. ಕೇಳಿ ನೋಡಲು ಒಂದು ಖಯಾಲ್ ಗಾಯನದ ಧ್ವನಿಮುದ್ರಣ ಒಯ್ಯಿರಿ: ತಂಬೂರಿಯ ಜೀವಾರಿ (ತಂತಿಯ ಝೇಂಕಾರ) ಗಾಯಕರ ದನಿಯಿಂದ ಬೇರೆಯಾಗಿ ಕೇಳಬೇಕು, ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯ) ಗಮಕ ಗುಂಯ್‌ಗುಟ್ಟದೆ ನಿಲ್ಲಬೇಕು.

ಇನ್ನು ರಿಪೇರಿ. ಕ್ಲಾಸ್-ಎಬಿಯಲ್ಲಿ ಒಂದು ಬದಿಯ ಧ್ವನಿ ಬಂದು ಹೋಗಿ ಮಾಡಿದರೆ ಹೆಚ್ಚಾಗಿ ಸ್ಪೀಕರ್ ರಿಲೇ (ಸ್ಪೀಕರ್ ಸಂಪರ್ಕವನ್ನು ತಾನೇ ಜೋಡಿಸಿ ಬಿಡಿಸುವ ಸ್ವಿಚ್ಚು) ಸವೆದಿರುತ್ತದೆ. ಅದೇ ಕಾಯಿಲ್ ವೋಲ್ಟೇಜ್, ಅದೇ ಕಾಲುಗಳ ಜೋಡಣೆಯ ಹೊಸದನ್ನು ಬೆಳಗಾವಿ, ವಿಜಯಪುರದ ಅನುಭವಿ ರಿಪೇರಿಯವರೇ ಬೆಸುಗೆ ಹಾಕಿಕೊಡಬಲ್ಲರು. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುವುದಕ್ಕೆ ದೊಡ್ಡ ಕಾರಣ ವೈರಿನ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗುವುದು; ವೈರಿನ ತುದಿಗೆ ಸಿಕ್ಕಿಸುವ ಬನಾನಾ ಪ್ಲಗ್ ಹಾಕಿದರೆ ಆ ಭಯವಿಲ್ಲ. ಚಿಪ್ಪಿನ ಪೆಟ್ಟಿಗೆ ಕೆಟ್ಟರೆ ಅಡಾಪ್ಟರ್ ಹೊರಗಿದ್ದಲ್ಲಿ ಮೊದಲು ಅದನ್ನು ಪರೀಕ್ಷಿಸಿ. ಬೋರ್ಡೇ ಹೋಗಿದ್ದರೆ ಇಲ್ಲಿ ರಿಪೇರಿ ಕಷ್ಟ, ಬದಲಿಸುವುದೇ ದಾರಿ.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಶಾಖ 10 ಡಿಗ್ರಿ ಏರಿದರೆ ಒಳಗೆ ವಿದ್ಯುತ್ ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಮುಚ್ಚಿದ ಶೋಕೇಸಿನಲ್ಲಿ ಇಡಬೇಡಿ, ಮೇಲೆ ನಾಲ್ಕು ಇಂಚು ಜಾಗ ಬಿಡಿ. ಮೂಲ ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್ ಎಸೆಯಬೇಡಿ: ಸರ್ವಿಸ್‌ಗೆ ಕಳಿಸುವಾಗ ಬೇರೆ ಡಬ್ಬಿಗೆ ತುರುಕಿದರೆ ಟ್ರಾನ್ಸ್‌ಫಾರ್ಮರ್‌ನ ಭಾರಕ್ಕೆ ಬೋರ್ಡು ಸೀಳಬಹುದು.

ದುಡ್ಡು ಕೊಡುವ ಮುನ್ನ ವಾರಂಟಿ ಕಾರ್ಡಿನಲ್ಲಿ ಭಾರತದ ಆಮದುದಾರನ ಮುದ್ರೆ, ಪೆಟ್ಟಿಗೆಯ ಮೇಲಿನದೇ ಸೀರಿಯಲ್ ನಂಬರ್ ಇದೆಯೇ ನೋಡಿ. ಸರ್ವಿಸ್‌ಗೆ ಕಳಿಸುವ ಕೊರಿಯರ್ ಖರ್ಚು ಯಾರದೆಂದು ಬರೆಸಿಕೊಳ್ಳಿ. ಹಿಂಬದಿಯಲ್ಲಿ 220–240 ಅಥವಾ 100–240 ವೋಲ್ಟ್ ಎಂದು ಇರಬೇಕು. ಜಪಾನಿಗೆಂದು ಮಾಡಿದ ಬರೀ 100 ವೋಲ್ಟ್‌ನದೋ ಅಮೆರಿಕದ ಬರೀ 120 ವೋಲ್ಟ್‌ನದೋ ಅಗ್ಗಕ್ಕೆ ಸಿಕ್ಕಿತೆಂದು ತಂದು ನೇರ ಪ್ಲಗ್ಗಿಗೆ ಹಾಕಿದರೆ ಒಳಗಿನ ಪವರ್ ಸಪ್ಲೈ ಸುಡುತ್ತದೆ, ಅದಕ್ಕೆ ವಾರಂಟಿಯೂ ಬರುವುದಿಲ್ಲ.