ಆ್ಯಂಟಿಬಯೋಟಿಕ್ ಶುರುವಾದ ವಾರ ಶುಗರ್ ಯಾಕೆ ಏರುಪೇರಾಗುತ್ತದೆ?

ನಮ್ಮ ಫಾರ್ಮಕಾಲಜಿ ಪುಸ್ತಕದಲ್ಲಿ ಶುಗರ್ ಗುಳಿಗೆಗಳ ಪಾಠ ಒಂದು ಕಡೆ, ಆ್ಯಂಟಿಬಯೋಟಿಕ್ ಪಾಠ ಇನ್ನೊಂದು ಕಡೆ. ರಾಯಚೂರಿನ ಮೆಡಿಕಲ್ ಅಂಗಡಿಯಲ್ಲಿ ಮಾತ್ರ ಎರಡೂ ಒಂದೇ ಚೀಟಿಯಲ್ಲಿ ಬರುತ್ತವೆ. ಹಾಗಾಗಿ ಇವನ್ನು ಜೊತೆಗಿಟ್ಟೇ ಓದಬೇಕು.

1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ಊರಿನಲ್ಲಿ ಮಾರ್ಸೆಲ್ ಜಾನ್‌ಬಾನ್ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಹೊಸ ಸಲ್ಫಾ ಔಷಧ ಕೊಟ್ಟರು. ಕೆಲವರಿಗೆ ಶುಗರ್ ವಿಪರೀತ ಇಳಿಯಿತು. ಅದು ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಹೊರಡಿಸುತ್ತದೆ ಎಂದು ಆಮೇಲೆ ಸಂಶೋಧಕ ಲುಬಾತಿಯೇರ್ ತೋರಿಸಿದರು. ಇವತ್ತಿನ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಇದೇ ವಂಶದವು, ಸಲ್ಫೋನಿಲ್‌ಯೂರಿಯಾಗಳು. ಆ್ಯಂಟಿಬಯೋಟಿಕ್‌ಗೂ ಶುಗರ್ ಗುಳಿಗೆಗೂ ನಂಟು ಅಷ್ಟು ಹಳೆಯದು.

ತೊಂದರೆ ಮುಖ್ಯವಾಗಿ ಎರಡು ಜಾಗದಲ್ಲಿ ಹುಟ್ಟುತ್ತದೆ. ಮೊದಲನೆಯದು ಪ್ಯಾಂಕ್ರಿಯಾಸ್. ಅಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶದ ಪೊಟ್ಯಾಸಿಯಂ ಚಾನೆಲ್ ಮುಚ್ಚಿದರೆ ಒಳಗೆ ಕ್ಯಾಲ್ಸಿಯಂ ಬರುತ್ತದೆ, ಇನ್ಸುಲಿನ್ ಹೊರಗೆ ಹೋಗುತ್ತದೆ. ಸಲ್ಫೋನಿಲ್‌ಯೂರಿಯಾ ಮಾಡುವುದು ಇದನ್ನೇ. ಗ್ಯಾಟಿಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಕೂಡ ಇದನ್ನೇ ಮಾಡುತ್ತಿತ್ತು. ಅದರಿಂದ ಶುಗರ್ ಬೀಳುವುದೂ ಇತ್ತು, ಏರುವುದೂ ಇತ್ತು. 2006ರಲ್ಲಿ ಕೆನಡಾದ ವಯಸ್ಸಾದವರ ಅಧ್ಯಯನ ಎರಡನ್ನೂ ತೋರಿಸಿತು. ಅದೇ ವರ್ಷ ಅಮೆರಿಕದಲ್ಲಿ ಅದರ ಮಾರಾಟ ನಿಂತಿತು. ಭಾರತದಲ್ಲಿ ಗುಳಿಗೆ, ಇಂಜೆಕ್ಷನ್ 2011ರಲ್ಲಿ ನಿಷೇಧವಾದವು. ಕಣ್ಣಿನ ಹನಿ ಉಳಿಯಿತು. ಲೆವೊಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಕೂಡ ಇದೇ ಗುಂಪಿನವು. ಶುಗರ್ ತೀರಾ ಇಳಿದು ಕೋಮಾಕ್ಕೆ ಹೋಗಬಹುದು ಎಂಬ ಎಚ್ಚರಿಕೆಯನ್ನು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಇಡೀ ಗುಂಪಿಗೆ ಬಿಗಿ ಮಾಡಿತು.

ಎರಡನೆಯದು ಲಿವರ್. ಗ್ಲಿಮೆಪಿರೈಡನ್ನು ಒಡೆಯುವ ಕಿಣ್ವ ಸಿವೈಪಿ2ಸಿ9. ಕೋಟ್ರೈಮೋಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಅದನ್ನು ತಡೆಯುತ್ತದೆ. ಶುಗರ್ ಗುಳಿಗೆಯ ಡೋಸ್ ಅಷ್ಟೇ ಇದ್ದರೂ ರಕ್ತದಲ್ಲಿ ಅದು ಜಾಸ್ತಿ ಹೊತ್ತು ಉಳಿಯುತ್ತದೆ. ಅಲ್ಲದೆ ಕೋಟ್ರೈಮೋಕ್ಸಜೋಲ್‌ನಲ್ಲಿರುವ ಸಲ್ಫಾ, ಕಿಡ್ನಿ ಕುಗ್ಗಿದವರಲ್ಲಿ ತಾನೇ ಇನ್ಸುಲಿನ್ ಹೊರಡಿಸಬಲ್ಲದು. ಫಂಗಸ್‌ಗೆ ಕೊಡುವ ಫ್ಲುಕೋನಜೋಲ್ ಕೂಡ ಇದೇ ಕಿಣ್ವವನ್ನು ತಡೆಯುತ್ತದೆ, ಮರೆಯಬೇಡಿ.

ಟಿಬಿಯ ರಿಫಾಂಪಿಸಿನ್ ಪೂರ್ತಿ ಉಲ್ಟಾ. ಅದು ಕಿಣ್ವ ಹೆಚ್ಚಿಸುತ್ತದೆ, ಶುಗರ್ ಗುಳಿಗೆ ಬೇಗ ಕರಗಿಹೋಗುತ್ತದೆ, ಶುಗರ್ ಏರುತ್ತದೆ. ಡಾಕ್ಟರು ಡೋಸ್ ಹೆಚ್ಚಿಸುತ್ತಾರೆ. ಟಿಬಿ ಕೋರ್ಸ್ ಮುಗಿದ ಮೇಲೆ ಸುಮಾರು ಎರಡು ವಾರದಲ್ಲಿ ಕಿಣ್ವ ಮೊದಲಿನಂತಾಗುತ್ತದೆ. ಹೆಚ್ಚಿಸಿದ ಡೋಸ್ ಹಾಗೇ ಉಳಿದಿದ್ದರೆ ಈಗ ಶುಗರ್ ಬೀಳುತ್ತದೆ. ಪರೀಕ್ಷೆಯಲ್ಲಿ ಈ ಕೊನೆಯ ಭಾಗವನ್ನು ಬಹಳ ಜನ ಬರೆಯುವುದೇ ಇಲ್ಲ.

ಈಗ ಒಂದು ಕೇಸ್ ಇಟ್ಟುಕೊಳ್ಳೋಣ. ಸಿಂಧನೂರು ಕಡೆಯ 68 ವರ್ಷದ ಅಜ್ಜಿ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೊಗ್ಲಿಬೋಸ್ ಸೇರಿದ ಒಂದೇ ಗುಳಿಗೆ ನಡೆಯುತ್ತಿದೆ. ಉರಿಮೂತ್ರ, ಜ್ವರ ಅಂತ ಲೆವೊಫ್ಲಾಕ್ಸಸಿನ್ ಬರೆದಿದ್ದಾರೆ. ಬಾಯಿ ರುಚಿ ಕೆಟ್ಟು ಜೋಳದ ರೊಟ್ಟಿ ಬಿಟ್ಟು ಬರೀ ಗಂಜಿ ಕುಡಿಯುತ್ತಿದ್ದಾರೆ, ಗುಳಿಗೆ ಮಾತ್ರ ತಪ್ಪಿಸಿಲ್ಲ. ಏಪ್ರಿಲ್ ಬಿಸಿಲಿಗೆ ನೀರಿನಂಶ ಕಡಿಮೆಯಾಗಿ ಕಿಡ್ನಿ ಸೋತಿದೆ, ಲೆವೊಫ್ಲಾಕ್ಸಸಿನ್ ಹೊರಗೆ ಹೋಗುವುದೇ ಕಿಡ್ನಿಯಿಂದ. ಸೋಂಕು ಸಾಮಾನ್ಯವಾಗಿ ಶುಗರ್ ಏರಿಸುತ್ತದೆ, ನಿಜ. ಆದರೆ ಇಷ್ಟೆಲ್ಲ ಒಟ್ಟಿಗೆ ಸೇರಿದಾಗ ಬೀಳುವ ಭಯವೇ ಹೆಚ್ಚು.

ಅಜ್ಜಿ ಬೆವರುತ್ತಾರೆ. 'ರಾಯಚೂರು ಬಿಸಿಲು, ಬೆವರದೇ ಇರ್ತಾರಾ' ಅಂತ ಮನೆಯವರು ಫ್ಯಾನ್ ಹಾಕುತ್ತಾರೆ. ಇಲ್ಲೇ ಹೊತ್ತು ಕಳೆದುಹೋಗುತ್ತದೆ. ಮೈ ತಣ್ಣಗಿದ್ದು ಬೆವರುತ್ತಿದ್ದರೆ, ಕೈ ನಡುಗಿದರೆ, ಮಾತು ತೊದಲಿದರೆ ಮೊದಲು ಗ್ಲುಕೋಮೀಟರ್. 70ಕ್ಕಿಂತ ಕಡಿಮೆ ಬಂದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಈ ಅಜ್ಜಿಗೆ ಸಕ್ಕರೆ, ಬೆಲ್ಲ ಸಾಲದು, ಗ್ಲೂಕೋಸ್ ಪುಡಿಯೇ ಬೇಕು. ವೊಗ್ಲಿಬೋಸ್ ಇದ್ದಾಗ ಸಕ್ಕರೆ ಕರುಳಿನಲ್ಲಿ ಬೇಗ ಒಡೆಯುವುದಿಲ್ಲ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು.

ಬಿಪಿಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣದೇ ಹೋಗಬಹುದು, ಬೆವರು ಉಳಿಯುತ್ತದೆ. ಸಲ್ಫೋನಿಲ್‌ಯೂರಿಯಾದಿಂದ ಬಿದ್ದ ಶುಗರ್ ಒಮ್ಮೆ ಏರಿ ಮತ್ತೆ ಬೀಳುತ್ತದೆ, ಆದ್ದರಿಂದ ಆಸ್ಪತ್ರೆಯಲ್ಲಿ ಕನಿಷ್ಠ 24 ಗಂಟೆ ನೋಡುತ್ತಾರೆ. ಹಾಗಂತ ರೋಗಿ ತಾನಾಗಿಯೇ ಆ್ಯಂಟಿಬಯೋಟಿಕ್ ನಿಲ್ಲಿಸಬಾರದು. ಬದಲಿ ಔಷಧವೋ, ಶುಗರ್ ಗುಳಿಗೆಯ ಡೋಸ್ ಇಳಿಸುವುದೋ ಡಾಕ್ಟರೇ ಹೇಳಬೇಕು. ಕೌಂಟರಿನಲ್ಲಿ ನಾವು ಕೇಳಬೇಕಾದ ಪ್ರಶ್ನೆ 'ಶುಗರ್ ಇದೆಯಾ' ಅಂತ ಮಾತ್ರ ಆದರೆ ಸಾಲದು, 'ಯಾವ ಗುಳಿಗೆ, ಸ್ಟ್ರಿಪ್ ತೋರಿಸಿ' ಅಂತಲೂ ಕೇಳಬೇಕು.