ಮೊದಲ ಪಾಠ: ನಿಲ್ಲುವುದು

ಸಾಗರ ತಾಲ್ಲೂಕಿನ ಕಡೆಯ ತಾಯಿಯೊಬ್ಬರು, ಐವತ್ತು ದಾಟಿದವರು, ಒಳಾಂಗಣ ಹಿಮದ ಇಳಿಜಾರಿನಲ್ಲಿ ಮೊದಲ ಬಾರಿಗೆ ಕಾಲಿಗೆ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದನೆಯ ಹಲಗೆ, ಕಟ್ಟಿಕೊಂಡು ನಿಂತಿದ್ದರು. ಪಕ್ಕದಲ್ಲಿ ಮಗಳು, ಅಳಿಯ. "ಹೆದರಬೇಡ ಅಮ್ಮ, ಏನೂ ಆಗುವುದಿಲ್ಲ, ಸುಮ್ಮನೆ ಬಿಟ್ಟುಬಿಡು" ಎಂದು ಇಬ್ಬರೂ ಒಂದೇ ಸಮನೆ ಹೇಳುತ್ತಿದ್ದರು. ಮೊಮ್ಮಗ ಆಗಲೇ ಎರಡು ಸಲ ಜಾರಿ ಬಂದಿದ್ದ. ಆ ತಾಯಿ ಅವರ ಯಾರ ಮಾತಿಗೂ ಉತ್ತರ ಕೊಡಲಿಲ್ಲ. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದರು: "ತಮ್ಮಾ, ಇದು ನಿಲ್ಲುವುದು ಹೇಗೆ?"

ಅಲ್ಲಿದ್ದವರಲ್ಲಿ ಸರಿಯಾದ ಮಾತನಾಡಿದವರು ಅವರೊಬ್ಬರೇ. ಇಳಿಯುವುದು ಹೇಗೆ ಎಂದು ಕೇಳುವವರು ಬಹಳ ಮಂದಿ. ಇಳಿಯುವುದನ್ನು ಇಳಿಜಾರೇ ಮಾಡಿಸುತ್ತದೆ, ಅದಕ್ಕೆ ಗುರು ಬೇಕಿಲ್ಲ. ನಿಲ್ಲುವುದನ್ನು ಮಾತ್ರ ಕಲಿಯಬೇಕು.

ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಹಲವು ವರ್ಷ ಕೊಲ್ಲಿ ರಾಷ್ಟ್ರದಲ್ಲಿ ಹೊಸಬರಿಗೆ ಸ್ಕೀಯಿಂಗ್ ಕಲಿಸಿ ಈಗ ಶಿವಮೊಗ್ಗಕ್ಕೆ ಮರಳಿದ್ದೇನೆ. ದುಬೈನಲ್ಲಿರುವ ಮಕ್ಕಳ ಮನೆಗೆ ಹೊರಟವರು, ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಹೋಗುವವರು ಹೊರಡುವ ಮೊದಲು ನನ್ನಲ್ಲಿಗೆ ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಕೇಳುವುದು ಧೈರ್ಯದ ಬಗ್ಗೆ. ಧೈರ್ಯವನ್ನು ಬಾಯಿಮಾತಿನಲ್ಲಿ ಕೊಡಲು ಆಗುವುದಿಲ್ಲ ಎಂದು ಅವರಿಗೆ ಮೊದಲೇ ಹೇಳಿಬಿಡುತ್ತೇನೆ. ಬೇಕೆಂದ ಕಡೆ ತನಗೆ ನಿಲ್ಲಲು ಬರುತ್ತದೆ ಎಂಬುದು ಕಾಲಿಗೆ ಗೊತ್ತಾದ ಗಳಿಗೆಯಲ್ಲಿ ಭಯ ಅರ್ಧ ಇಳಿಯುತ್ತದೆ. ಅಲ್ಲಿಯವರೆಗೆ ಯಾರು ಎಷ್ಟು ಹುರಿದುಂಬಿಸಿದರೂ ಮೈ ನಂಬುವುದಿಲ್ಲ. ನಂಬದಿರುವುದು ಮೈಯ ತಪ್ಪೂ ಅಲ್ಲ.

ಕಲಿಕೆಗೆ ಒಳಾಂಗಣ ಇಳಿಜಾರು ಒಳ್ಳೆಯದು ಎನ್ನುವುದಕ್ಕೆ ಕಾರಣ ಅದರ ಬದಲಾಗದ ಗುಣ. ದುಬೈನ ಮಾಲ್ ಒಂದರೊಳಗೆ 2005ರಲ್ಲಿ ತೆರೆದ ಸ್ಕೀ ದುಬೈಯನ್ನೇ ನೋಡಿ. ಹೊರಗೆ ಮರಳುಗಾಡಿನ ಬಿಸಿಲು, ಒಳಗೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿನ ಚಳಿ. ಗಾಳಿಯಿಲ್ಲ, ಮಂಜು ಕವಿಯುವುದಿಲ್ಲ, ಬೆಳಕು ಬದಲಾಗುವುದಿಲ್ಲ. ನಿನ್ನೆ ತಪ್ಪಿದ ತಿರುವು ಇವತ್ತೂ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಕಾದಿರುತ್ತದೆ. ಅಲ್ಲಿನ ಅತಿ ಉದ್ದದ ಹಾದಿ 400 ಮೀಟರ್, ಇಳಿತ 60 ಮೀಟರ್. ಹೊಸಬರಿಗೆ ಅದು ಬೇಕಾಗಿಲ್ಲ. ಅವರಿಗೆ ಬೇಕಾದದ್ದು ಬುಡದಲ್ಲಿರುವ ಕಲಿಕೆಯ ಇಳಿಜಾರು. ಅಲ್ಲಿ ಮೇಲಕ್ಕೆ ಒಯ್ಯಲು ನೆಲದಲ್ಲೇ ಚಲಿಸುವ ಪಟ್ಟಿ ಇರುತ್ತದೆ, ಕೆಳಗೆ ನೆಲ ತಾನಾಗಿ ಸಮತಟ್ಟಾಗುತ್ತದೆ. ಏನೂ ಮಾಡದೆ ನಿಂತರೂ ಸ್ಕೀ ತಾನೇ ನಿಧಾನವಾಗಿ ನಿಲ್ಲುವಂಥ ಜಾಗ ಅದು. ಮೊದಲ ಗಂಟೆ ಅದನ್ನು ಬಿಟ್ಟು ಬೇರೆಲ್ಲಿಗೂ ಹೋಗಬಾರದು.

ಇನ್ನು ಬೂಟಿನ ವಿಷಯ. ಅರ್ಧಕ್ಕರ್ಧ ಭಯ ಹುಟ್ಟುವುದು ಇಲ್ಲೇ. ಚಳಿಯೆಂದು ನಮ್ಮವರು ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬರುತ್ತಾರೆ, ಪ್ಯಾಂಟಿನ ತುದಿಯನ್ನೂ ಬೂಟಿನೊಳಗೆ ತುರುಕುತ್ತಾರೆ. ಮಡಿಕೆ ಬಿದ್ದ ಬಟ್ಟೆ ಹತ್ತು ನಿಮಿಷದಲ್ಲಿ ಎಲುಬಿಗೆ ಒತ್ತಿ ನೋವು ಶುರುವಾಗುತ್ತದೆ. ನೋಯುತ್ತದೆ ಎಂದು ಒಂದು ಅಳತೆ ದೊಡ್ಡ ಬೂಟು ಕೇಳಿ ಪಡೆಯುತ್ತಾರೆ. ಒಳಗೆ ಕಾಲು ಅಲುಗಾಡತೊಡಗಿದರೆ ಮುಗಿಯಿತು. ಕಾಲು ಒಂದು ಹೇಳುತ್ತದೆ, ಸ್ಕೀ ಇನ್ನೊಂದು ಮಾಡುತ್ತದೆ. ತೆಳುವಾದ ಉದ್ದನೆಯ ಕಾಲುಚೀಲ ಒಂದೇ ಜೊತೆ ಸಾಕು, ಬೂಟಿನೊಳಗೆ ಅದರ ಹೊರತು ಬೇರೇನೂ ಇರಬಾರದು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ತಾಗಬೇಕು. ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಸ್ವಲ್ಪ ಬಿಡುವಾಗಬೇಕು. ಬಾಡಿಗೆ ಕೌಂಟರಿನಲ್ಲಿ ತೂಕ, ಎತ್ತರ, ವಯಸ್ಸು ಕೇಳುತ್ತಾರೆ. ದಯವಿಟ್ಟು ನಿಜವನ್ನೇ ಹೇಳಿ. ಬಿದ್ದಾಗ ಬೂಟನ್ನು ಸ್ಕೀಯಿಂದ ಬಿಡಿಸಿಕೊಡುವ ಬೈಂಡಿಂಗನ್ನು ಅವರು ಆ ಲೆಕ್ಕದ ಮೇಲೆಯೇ ಬಿಗಿ ಮಾಡುತ್ತಾರೆ. ಸಂಕೋಚಪಟ್ಟು ಸುಳ್ಳು ಹೇಳಿದರೆ ಪೆಟ್ಟು ಮೊಣಕಾಲಿಗೆ.

ಆ ತಾಯಿಗೆ ನಾನು ಮೊದಲು ಕೇಳಿದ ಪ್ರಶ್ನೆ ಸ್ಕೀಗೆ ಸಂಬಂಧಿಸಿದ್ದಲ್ಲ. "ಅಮ್ಮಾ, ಇಲ್ಲೊಂದು ಕೊಡ ನೀರು ಸುರಿದರೆ ಯಾವ ಕಡೆ ಹರಿಯುತ್ತದೆ?" ಎಂದು ಕೇಳಿದೆ. ಮಳೆಗಾಲದಲ್ಲಿ ಅಂಗಳದ ನೀರಿಗೆ ಕಾಲುವೆ ಬಿಡಿಸಿ ಬಿಡಿಸಿ ಕೈ ಪಳಗಿದವರು. ಒಂದು ಕ್ಷಣವೂ ಯೋಚಿಸದೆ ಎಡಕ್ಕೆ ಓರೆಯಾಗಿ ಬೆರಳು ತೋರಿಸಿದರು. ಸರಿಯಾಗಿತ್ತು. ಸ್ಕೀ ಆ ನೀರಿನ ದಾರಿಗೆ ಅಡ್ಡವಾಗಿದ್ದರೆ ನಿಂತಿರುತ್ತದೆ, ಅದರ ಉದ್ದಕ್ಕೆ ತಿರುಗಿದರೆ ಹೊರಡುತ್ತದೆ. ಇಷ್ಟು ತಿಳಿದ ಮೇಲೆ ಅವರು ನನ್ನ ತೋಳು ಬಿಟ್ಟರು. ಸ್ಕೀಯನ್ನು ಅಡ್ಡ ಇಟ್ಟುಕೊಂಡು, ಏಣಿಯ ಮೆಟ್ಟಿಲು ಹತ್ತಿದಂತೆ ಅಡ್ಡ ಹೆಜ್ಜೆ ಹಾಕುತ್ತ ಆರು ಹೆಜ್ಜೆ ಮೇಲೆ ಹೋದೆವು. ಆರೇ ಹೆಜ್ಜೆ. ಅಲ್ಲಿಂದ ಜಾರಿ ಬಂದು ಸಮತಟ್ಟಿನಲ್ಲಿ ತಾನಾಗಿ ನಿಂತರು. ಆಮೇಲೆ ಹತ್ತು ಹೆಜ್ಜೆ.

ನಂತರ ಬರುವುದು ನೇಗಿಲ ಭಂಗಿ. ಸ್ಕೀಗಳ ಮೂತಿ ಹತ್ತಿರ, ಬಾಲ ದೂರ. ಹೊರದೇಶದ ಮಕ್ಕಳಿಗೆ ಇದನ್ನು ಪಿಜ್ಜಾ ತುಂಡು ಎಂದು ಕಲಿಸುತ್ತಾರೆ. ನಮ್ಮವರಿಗೆ ನಾನು ಹೆಂಚಿನ ಮನೆಯ ಮಾಡು ಎನ್ನುತ್ತೇನೆ. ಎರಡು ಇಳುಕಲು ಮೇಲೆ ಸೇರುವಂತೆ ಎರಡು ಮೂತಿ ಮುಂದೆ ಸೇರಬೇಕು, ಆದರೆ ಒಂದರ ಮೇಲೊಂದು ಹತ್ತಬಾರದು, ನಡುವೆ ಒಂದು ಅಂಗೈ ಜಾಗವಿರಲಿ. ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿದಷ್ಟೂ ಮಾಡು ಅಗಲವಾಗುತ್ತದೆ, ಒಳ ಅಂಚುಗಳು ಹಿಮವನ್ನು ಕೆರೆಯುತ್ತವೆ, ವೇಗ ಇಳಿಯುತ್ತದೆ. ಕಿವಿಗೊಟ್ಟರೆ ಆ ಕೆರೆಯುವ ಸದ್ದು ಕೇಳಿಸುತ್ತದೆ. ತೆಂಗಿನಕಾಯಿ ತುರಿಯುವಾಗಿನ ಸದ್ದಿಗೆ ಹತ್ತಿರ. ಸದ್ದು ಎರಡೂ ಕಾಲಿನಿಂದ ಸಮನಾಗಿ ಬರುತ್ತಿದ್ದರೆ ಭಾರ ಸರಿಯಾಗಿ ಹಂಚಿದೆ ಎಂದು ಲೆಕ್ಕ.

ಇಲ್ಲಿಯೇ ಭಯ ತನ್ನ ಕೆಲಸ ಮಾಡುವುದು. ಹೆದರಿದ ಮನುಷ್ಯ ಹಿಂದಕ್ಕೆ ವಾಲುತ್ತಾನೆ. ಕೆಳಗಿನ ಆಳದಿಂದ ದೂರ ಹೋಗಬೇಕೆಂಬುದು ಮೈಯ ಸಹಜ ಬುದ್ಧಿ. ಆದರೆ ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಮೇಲೆ ಭಾರವೇ ಇರುವುದಿಲ್ಲ, ಮೂತಿ ಮಾತು ಕೇಳುವುದಿಲ್ಲ, ವೇಗ ಏರುತ್ತದೆ, ಹೆದರಿಕೆ ಇನ್ನೂ ಹೆಚ್ಚುತ್ತದೆ. ಪಾಚಿ ಹಿಡಿದ ಜಂಬಿಟ್ಟಿಗೆ ಕಲ್ಲಿನ ದಾರಿಯಲ್ಲಿ ಇಳಿಯುವಾಗ ಹಿಂದಕ್ಕೆ ವಾಲಿದವರು ಏನಾಗುತ್ತಾರೆ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ತೋಟದ ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ದಾಟುವಾಗ ಯಾರೂ ಪಾದ ನೋಡಿಕೊಂಡು ದಾಟುವುದಿಲ್ಲ, ಆಚೆ ದಡ ನೋಡುತ್ತಾರೆ. ಇಲ್ಲಿಯೂ ಹಾಗೆಯೇ. ಅದಕ್ಕೇ ನಾನು "ಹೆದರಬೇಡಿ" ಎಂಬ ಮಾತನ್ನು ಬಿಟ್ಟು ಬಹಳ ಕಾಲವಾಯಿತು. ಅದನ್ನು ಕೇಳಿ ಕಾಲು ಏನು ಮಾಡಬೇಕು? "ಮೊಣಕಾಲಿನ ಕೆಳಗಿನ ಎಲುಬನ್ನು ಬೂಟಿನ ನಾಲಿಗೆಗೆ ಒತ್ತಿ ಹಿಡಿಯಿರಿ" ಎನ್ನುತ್ತೇನೆ. ಅದನ್ನು ಮಾಡಬಹುದು. ಮಾಡಿದರೆ ಮೈ ತಾನಾಗಿ ಮುಂದೆ ಬರುತ್ತದೆ.

ನನ್ನ ಪಾಠದ ಮುಖ್ಯ ಸಾಧನ ಒಂದು ಕೈಗವಸು. ಪ್ರತಿ ಸಲ ಇಳಿಯುವ ಮೊದಲು ಕಲಿಯುವವರೇ ತಾವು ಎಲ್ಲಿ ನಿಲ್ಲುತ್ತೇನೆಂದು ಜಾಗ ತೋರಿಸಬೇಕು. ಅಲ್ಲಿ ಹಾದಿಯ ಬದಿಗೆ ನನ್ನದೊಂದು ಹಳೆಯ ಕೆಂಪು ಕೈಗವಸು ಇಡುತ್ತೇನೆ. ಆ ತಾಯಿ ಮೊದಲ ಸಲ ಕೈಗವಸನ್ನು ಎರಡು ಮಾರು ದಾಟಿ ಹೋದರು. ಎರಡನೆಯ ಸಲವೂ ದಾಟಿದರು, ಆದರೆ ಒಂದೇ ಮಾರು. ಮೂರನೆಯ ಸಲ ಬಹಳ ಬೇಗ ಮಾಡು ಅಗಲಿಸಿ, ಕೈಗವಸಿಗೆ ಇನ್ನೂ ಮೂರು ಮಾರು ಇರುವಾಗಲೇ ನಿಂತುಬಿಟ್ಟರು. ಅವರ ಮುಖ ಬದಲಾದದ್ದು ಆಗ. ಮುಂಚೆಯೇ ನಿಲ್ಲಲು ಬರುತ್ತದೆ ಎಂಬುದು ಅವರಿಗೆ ಹೊಸ ವಿಷಯ. ಏಳನೆಯ ಸಲಕ್ಕೋ ಎಂಟನೆಯ ಸಲಕ್ಕೋ ಸ್ಕೀಯ ಮೂತಿ ಕೈಗವಸಿನ ನೇರಕ್ಕೆ ಬಂದು ನಿಂತಿತು. ಮಗಳು ಚಪ್ಪಾಳೆ ತಟ್ಟಿದಳು. ಅವರು ಅತ್ತ ತಿರುಗಿಯೂ ನೋಡದೆ "ಅದನ್ನು ಇನ್ನೊಂದು ಸ್ವಲ್ಪ ಕೆಳಗೆ ಇಡು ತಮ್ಮಾ" ಎಂದರು.

ಜಾಗವನ್ನು ಕಲಿಯುವವರೇ ಆರಿಸಬೇಕೆಂಬುದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಗಂಡನೋ ಗೆಳೆಯನೋ "ಇಷ್ಟು ಬಂತಲ್ಲ, ಮೇಲೆ ಹೋಗೋಣ" ಎಂದು ಒಯ್ಯುವುದನ್ನು ಪ್ರತಿ ವಾರ ಕಂಡಿದ್ದೇನೆ. ನನ್ನನ್ನೂ ಹಾಗೆಯೇ ಒಯ್ದಿದ್ದರು. ಕಲಿಕೆಯ ಮೊದಲ ವಾರ, ಜೊತೆಯವನೊಬ್ಬ ಕುರ್ಚಿ ಲಿಫ್ಟಿನಲ್ಲಿ ತುದಿಗೆ ಕರೆದೊಯ್ದು "ನನ್ನ ಹಿಂದೆ ಬಾ" ಎಂದು ಹೊರಟುಹೋದ. ನಾನು ಕೈಯಲ್ಲಿ ಹಿಡಿಯುವ ಸ್ಕೀ ಕೋಲಿನ ಪಟ್ಟಿಗೆ ಹೆಬ್ಬೆರಳು ಸಿಕ್ಕಿಸಿಕೊಂಡು ಮುಂಗೈ ಮೇಲೆ ಬಿದ್ದೆ. ಹೆಬ್ಬೆರಳ ಬುಡದಲ್ಲಿ ಎಲುಬುಗಳನ್ನು ಹಿಡಿದಿಡುವ ನಾರು ಹರಿದು ಆರು ವಾರ ಪಟ್ಟಿ ಹಾಕಿಸಿಕೊಂಡಿದ್ದೆ. ಇಂದಿಗೂ ಸೋನೆ ಮಳೆ ಹಿಡಿದಾಗ ಬಾಟಲಿಯ ಮುಚ್ಚಳ ತಿರುಗಿಸಿದರೆ ಅಲ್ಲಿ ಚಳಕು ಹೊಡೆಯುತ್ತದೆ. ಬೆರಳಿಗಿಂತ ತಡವಾಗಿ ವಾಸಿಯಾದದ್ದು ಮನಸ್ಸು. ತಿಂಗಳುಗಟ್ಟಲೆ ಲಿಫ್ಟಿನ ಸದ್ದು ಕೇಳಿದರೆ ಹೊಟ್ಟೆ ತೊಳಸುತ್ತಿತ್ತು. ಅದಕ್ಕೇ ಹೊಸಬರಿಗೆ ಮೊದಲ ದಿನ ನಾನು ಕೋಲನ್ನೇ ಕೊಡುವುದಿಲ್ಲ.

ಬೀಳುವುದನ್ನೂ ಕಲಿಸಬೇಕು. ಬೀಳುತ್ತೇನೆ ಅನ್ನಿಸಿದರೆ ಕುಳಿತುಕೊಳ್ಳಬಾರದು, ಸ್ಕೀಯ ಬಾಲದ ಮೇಲೆ ಕುಳಿತರೆ ಅದು ನಿಮ್ಮನ್ನು ಹೊತ್ತುಕೊಂಡು ಓಡುತ್ತದೆ. ಪಕ್ಕಕ್ಕೆ, ಮೇಲಿನ ಬದಿಗೆ ಸೊಂಟ ಊರಿ ಮಲಗಬೇಕು, ಕೈಯನ್ನು ಹಿಂದೆ ಊರಲೇಬಾರದು. ಏಳುವಾಗ ಮೊದಲು ಎರಡೂ ಸ್ಕೀಗಳನ್ನು ನಿಮ್ಮ ಕೆಳಗಿನ ಬದಿಗೆ ತಂದು ನೀರಿನ ದಾರಿಗೆ ಅಡ್ಡ ಇಡಿ. ಈ ಒಂದನ್ನು ಮರೆತರೆ ಎದ್ದ ಕೂಡಲೇ ಮತ್ತೆ ಜಾರುತ್ತೀರಿ. ಆಗದಿದ್ದರೆ ಒಂದು ಸ್ಕೀ ಬಿಚ್ಚಿಕೊಂಡು ಏಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ತಿರುವುಗಳ ಬಗ್ಗೆ ಹೇಳುವಾಗ ಆಗುಂಬೆ ಘಾಟಿ ನನಗೆ ಬಹಳ ಸಹಾಯ ಮಾಡಿದೆ. ಸೋಮೇಶ್ವರಕ್ಕೆ ಇಳಿಯುವ ಆ ರಸ್ತೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ರಸ್ತೆ ಕಟ್ಟಿದವರು ಬೆಟ್ಟದಿಂದ ನೇರ ಕೆಳಕ್ಕೆ ದಾರಿ ಹಾಕಲಿಲ್ಲ, ಮಗ್ಗುಲಲ್ಲಿ ಅಡ್ಡಡ್ಡ ಒಯ್ದರು. ಇಳಿತ ಅಷ್ಟೇ ಇದೆ, ಉದ್ದ ಹೆಚ್ಚಿ ಓರೆ ಕಡಿಮೆಯಾಗಿದೆ. ಇಳಿಜಾರಿನಲ್ಲಿ ನಾವೂ ಅದನ್ನೇ ಮಾಡುತ್ತೇವೆ. ಕಡಿದಾದ ಕಡೆ ಮಾಡನ್ನು ಅಗಲಿಸಿ ಅಗಲಿಸಿ ತೊಡೆ ಸೋಲಿಸಿಕೊಳ್ಳುವ ಬದಲು ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಅಡ್ಡ ಸಾಗಿ ತಿರುಗಿದರೆ ವೇಗ ತಾನಾಗಿ ಹಿಡಿತದಲ್ಲಿರುತ್ತದೆ. ತಿರುವನ್ನು ಮುಗಿಸದೆ ಅವಸರದಲ್ಲಿ ಮುಂದಿನದಕ್ಕೆ ಹೋಗುವುದೇ ಹೊಸಬರ ವೇಗ ಕೈಮೀರಲು ಕಾರಣ.

ಶಿವಮೊಗ್ಗದಲ್ಲಿ ಹಿಮ ಎಲ್ಲಿಂದ ತರಲಿ? ಆದರೂ ತಯಾರಿ ಇಲ್ಲಿಯೇ ಆಗುತ್ತದೆ. ಕೊಡಚಾದ್ರಿಯ 1,343 ಮೀಟರ್ ಹತ್ತಿ ಇಳಿದವರಿಗೆ ಗೊತ್ತು, ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ನಡುಗುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕಾಗುತ್ತದೆ, ಸ್ಕೀಯಿಂಗ್‌ನಲ್ಲಿ ಹೊತ್ತು ಪೂರ್ತಿ ಅದೇ ಕೆಲಸ. ಪ್ರವಾಸಕ್ಕೆ ಒಂದೂವರೆ ತಿಂಗಳು ಮೊದಲಿನಿಂದ ಮೆಟ್ಟಿಲನ್ನು ನಿಧಾನವಾಗಿ, ಒಂದೊಂದಕ್ಕೆ ಮೂರು ಎಣಿಸುತ್ತ ಇಳಿಯಿರಿ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕುಳಿತಂತೆ ನಿಲ್ಲಿ. ನನ್ನ ಬಳಿ ನಾಲ್ಕು ಜೊತೆ ಹಳೆಯ ಸ್ಕೀ ಬೂಟುಗಳಿವೆ. ಬಂದವರಿಗೆ ಅವನ್ನು ಹಾಕಿಸಿ, ಊರಿನ ಮನೆಯ ಅಡಿಕೆ ಒಣಗಿಸುವ ಅಂಗಳದಲ್ಲಿ ಅರ್ಧ ಗಂಟೆ ನಡೆಸುತ್ತೇನೆ. ಕಣಕಾಲು ಬಾಗದ ಆ ಬಿಗಿತ ಹಿಮದ ಮೇಲೆ ಮೊದಲ ಸಲ ಎದುರಾದರೆ ಗಾಬರಿ, ನಮ್ಮ ಅಂಗಳದಲ್ಲಿ ಎದುರಾದರೆ ಬರೀ ಹೊಸ ಚಪ್ಪಲಿ ಅಷ್ಟೇ. ಮಳೆ ನಿಂತ ಮೇಲೆ ಹುಲ್ಲಿನ ದರೆಯಲ್ಲಿ ಅಡ್ಡ ಹೆಜ್ಜೆ ಹಾಕಿಸುತ್ತೇನೆ.

ನಮ್ಮ ಸೀಮೆಯವರಿಗೆ ಇದು ಒಗ್ಗುತ್ತದೆಯೇ ಎಂದು ಹೆತ್ತವರು ಕೇಳುತ್ತಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ, ಅಂದರೆ ಹಿಮದ ಮೇಲೆ ದೂರ ಸಾಗುವ ಸ್ಪರ್ಧೆಯಲ್ಲಿ, ದೇಶವನ್ನು ಪ್ರತಿನಿಧಿಸಿದ್ದಾರೆ. ಹಿಮ ಬೀಳದ ಊರಿನಲ್ಲಿ ಹುಟ್ಟಿದ್ದು ಅವರಿಗೆ ಅಡ್ಡಿಯಾಗಲಿಲ್ಲ.

ಒಳಾಂಗಣದಲ್ಲಿ ಕಲಿತವರು ಗುಲ್ಮಾರ್ಗ್‌ಗೆ ಹೋದಾಗ ಮಾಡುವ ತಪ್ಪೊಂದಿದೆ. ಹತ್ತು ಗಂಟೆ ಬೀಳದೆ ಜಾರಿದವರಿಗೆ ಇನ್ನೇನು ಎಂಬ ಭಾವನೆ ಬಂದಿರುತ್ತದೆ. ಅಲ್ಲಿ ಊರೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ನಾಲ್ಕು ಹೆಜ್ಜೆಗೆ ಏದುಸಿರು. ಬೆಳಗ್ಗೆ ಗಟ್ಟಿಯಿದ್ದ ಹಿಮ ಮಧ್ಯಾಹ್ನ ಮೆತ್ತಗಾಗಿರುತ್ತದೆ. ಮೋಡ ಕವಿದರೆ ಉಬ್ಬು ತಗ್ಗು ಕಾಣಿಸುವುದೇ ಇಲ್ಲ. ಅಲ್ಲಿನ ಗೊಂಡೋಲಾ ಎಂಬ ಕೇಬಲ್ ಕಾರಿನ ಎರಡನೆಯ ಹಂತ ಅಫರ್ವಾತ್ ಬೆಟ್ಟದ ಹೆಗಲಿಗೆ, 3,900 ಮೀಟರಿಗಿಂತ ಮೇಲಕ್ಕೆ ಒಯ್ಯುತ್ತದೆ. ಅಲ್ಲಿಂದ ಇಳಿಯುವ ಹಿಮ ಹದ ಮಾಡಿದ್ದಲ್ಲ, ಹಿಮಕುಸಿತದ ಅಪಾಯವೂ ಇದೆ. ಹೊಸಬರು ಅಲ್ಲಿಂದ ಸ್ಕೀ ಮಾಡಿ ಇಳಿಯುವ ಮಾತೇ ಬೇಡ. ಮೊದಲ ಎರಡು ದಿನ ಬುಡದ ಬಯಲಿನಲ್ಲೇ ಇರಿ. ಮತ್ತೆ ಆರು ಹೆಜ್ಜೆಯಿಂದಲೇ ಶುರು ಮಾಡಿ, ನಿಲ್ಲುವ ಜಾಗ ಆರಿಸಿ, ಅಲ್ಲಿ ಏನಾದರೊಂದು ಗುರುತು ಇಡಿ. ತೊಡೆ ನಡುಗಲು ಶುರುವಾದರೆ ಅವತ್ತಿಗೆ ಅಲ್ಲಿಗೇ ಬಿಟ್ಟು ಬೂಟಿನ ಬಕಲ್ ಸಡಿಲಿಸಿಕೊಳ್ಳಿ. ಕೈಗವಸು ಮಾತ್ರ ಒಂದು ಜೊತೆ ಹೆಚ್ಚಿಗೆ ಒಯ್ಯಿರಿ. ಗುರುತಿಗೆ ಇಟ್ಟದ್ದು ಒದ್ದೆಯಾಗುತ್ತದೆ.