ಅಟ್ಟದ ಕಾಯಿ, ಸರ್ಕಾರದ ಜಾಮೀನು

ತಿಪಟೂರು ಕಡೆ ತೋಟದವರ ಮನೆಯ ಅಟ್ಟ ಹತ್ತಿ ನೋಡಿ. ಸಿಪ್ಪೆ ಸುಲಿಯದ ಬಲಿತ ತೆಂಗಿನಕಾಯಿಗಳು ರಾಶಿ ಬಿದ್ದಿರುತ್ತವೆ. ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಬಿಡಬೇಕು. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಆರನೇ ತಿಂಗಳಿಗೇ ಒಡೆದರೆ ಅತ್ತ ಸಾರಿನ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಕೇಳಿದ ರೇಟಿಗೆ ಕೊಟ್ಟು ಬರಬೇಕು.

ಬ್ಯಾಂಕು ಅಂದರೆ ಈ ಅಟ್ಟವೇ. ನಮ್ಮ ದುಡ್ಡು ತಿಜೋರಿಯಲ್ಲಿ ಕೂತಿರುತ್ತದೆ ಅಂತ ಓದಿದವರೂ ನಂಬಿದ್ದಾರೆ, ಅದನ್ನು ಕೇಳಿದಾಗೆಲ್ಲ ನನಗೆ ತಡೆಯೋಕಾಗಲ್ಲ. ಅದು ಯಾರದೋ ಮನೆ ಸಾಲವಾಗಿ, ಇನ್ಯಾರದೋ ಟ್ರ್ಯಾಕ್ಟರ್ ಸಾಲವಾಗಿ ಹಣ್ಣಾಗುತ್ತಿರುತ್ತದೆ. ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಹಸಿ ಕಾಯಿಯನ್ನೇ ಒಡೆದು ಮಾರಬೇಕು. ಆಗ ಗಟ್ಟಿ ಬ್ಯಾಂಕೂ ಮುಳುಗುತ್ತದೆ. ಕೋಲಾರದ ಮಂಡಿಗೆ ಎಲ್ಲರ ಟೊಮೆಟೊ ಒಂದೇ ಬೆಳಿಗ್ಗೆ ಬಂದರೆ ಏನಾಗುತ್ತದೆ ಗೊತ್ತಲ್ವಾ, ಹಾಗೆ. ಮುಳುಗುತ್ತದೆ ಅನ್ನೋ ಭಯವೇ ಮುಳುಗಿಸುತ್ತದೆ. ಡೈಮಂಡ್ ಮತ್ತು ಡಿಬ್‌ವಿಗ್ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನು 1983ರಲ್ಲೇ ಲೆಕ್ಕ ಹಾಕಿ ತೋರಿಸಿದರು, 2022ರಲ್ಲಿ ನೊಬೆಲ್ ಬಂತು.

ನಮ್ಮಲ್ಲಿ 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಬಿದ್ದ ಮೇಲೆ ಠೇವಣಿ ವಿಮೆ ಬಂತು, ಅಂದರೆ ಬ್ಯಾಂಕು ಮುಳುಗಿದರೂ ಠೇವಣಿ ಇಟ್ಟವರಿಗೆ ಒಂದು ಮಿತಿವರೆಗೆ ದುಡ್ಡು ಕಟ್ಟಿಕೊಡೋದು. 1962ರಲ್ಲಿ 1,500 ರೂಪಾಯಿವರೆಗೆ ಇತ್ತು, 2020ರಿಂದ 5 ಲಕ್ಷ. ಆದರೆ ದೊಡ್ಡ ಬ್ಯಾಂಕುಗಳು ಠೇವಣಿ ಸಾಲದೆ ಬಾಂಡ್ ಮಾರಿಯೂ ಸಾಲ ಎತ್ತುತ್ತವೆ. ಆ ಸಾಲಕ್ಕೆ ಈ ವಿಮೆ ಇಲ್ಲ. 2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕು ಲೇಮನ್ ಬ್ರದರ್ಸ್ ಬಿದ್ದ ಮೇಲೆ ಬ್ಯಾಂಕುಗಳಿಗೆ ಹಳೇ ಸಾಲ ತೀರಿಸಲು ಹೊಸ ಸಾಲ ಕೊಡುವವರೇ ಇರಲಿಲ್ಲ.

ಆಗ ಸರ್ಕಾರಗಳು ಜಾಮೀನು ನಿಂತವು. ಜಾಮೀನು ಅಂದರೆ ದುಡ್ಡು ಸುರಿಯೋದು ಅಂತ ತುಂಬಾ ಜನ ತಿಳಿದಿದ್ದಾರೆ, ಅದು ತಪ್ಪು. ಊರಲ್ಲಿ ಕೈಸಾಲ ಕೇಳಿದಾಗ ದೊಡ್ಡ ತೋಟದವರು ಬಂದು ‘ಕೊಡಪ್ಪ, ನಾನಿದ್ದೀನಿ’ ಅಂದರೆ ಸಾಕು, ಅವರ ಜೇಬಿಂದ ಒಂದು ರೂಪಾಯಿ ಹೋಗಿರುವುದಿಲ್ಲ, ಆದರೂ ಸಾಲ ಹುಟ್ಟುತ್ತದೆ, ಭಯ ಇಳಿಯುತ್ತದೆ. ಅಮೆರಿಕದ ಠೇವಣಿ ವಿಮಾ ಸಂಸ್ಥೆ ಹೀಗೆ ಒಂದು ಹಂತದಲ್ಲಿ ಸುಮಾರು 34,500 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತ್ತು. ಸುಮ್ನೆ ಅಲ್ಲ, ಬ್ಯಾಂಕುಗಳಿಂದ ಶುಲ್ಕ ತಗೊಂಡು. ಶುಲ್ಕವಾಗಿ ಬಂದದ್ದು 1,000 ಕೋಟಿ ಡಾಲರಿಗೂ ಜಾಸ್ತಿ, ಕಟ್ಟಿಕೊಟ್ಟ ನಷ್ಟ ಸುಮಾರು 15 ಕೋಟಿ ಡಾಲರ್.

ಐರ್ಲೆಂಡ್ ಕಥೆ ಬೇರೆ. 2008ರ ಸೆಪ್ಟೆಂಬರ್ 29ರ ರಾತ್ರಿ ಅಲ್ಲಿನ ಸರ್ಕಾರದವರು ಕೂತು ಆರು ಬ್ಯಾಂಕುಗಳ ಠೇವಣಿ, ಬಾಂಡ್ ಎಲ್ಲಕ್ಕೂ ಎರಡು ವರ್ಷ ಜಾಮೀನು ನಿಲ್ಲಲು ತೀರ್ಮಾನಿಸಿದರು. ಮೊತ್ತ ಸುಮಾರು 44,000 ಕೋಟಿ ಯೂರೊ, ಇಡೀ ದೇಶದ ವರ್ಷದ ಉತ್ಪನ್ನದ ಎರಡು ಪಟ್ಟಿಗಿಂತ ಜಾಸ್ತಿ. ಹತ್ತು ಗುಂಟೆಯವನು ನೂರು ಎಕರೆಯವನಿಗೆ ಜಾಮೀನು ನಿಂತ ಹಾಗೆ. ಮೇಲಾಗಿ ಅಟ್ಟದಲ್ಲಿದ್ದದ್ದು ಹಸಿ ಕಾಯಿ ಮಾತ್ರ ಅಲ್ಲ, ಕೊಳೆತದ್ದೂ ರಾಶಿ ಇತ್ತು, ಜಾಗ ಮತ್ತು ಕಟ್ಟಡಗಳ ಮೇಲೆ ಕೊಟ್ಟ ಸಾಲಗಳು. ಹಸಿ ಕಾಯಿಗೆ ಸಮಯ ಕೊಟ್ಟರೆ ಕೊಬ್ಬರಿಯಾಗುತ್ತದೆ. ಕೊಳೆತದ್ದಕ್ಕೆ ಎಷ್ಟು ಸಮಯ ಕೊಟ್ಟರೂ ಅಷ್ಟೇ. 2010ರ ನವೆಂಬರ್‌ನಲ್ಲಿ ಜಾಮೀನು ನಿಂತ ಸರ್ಕಾರವೇ ಐರೋಪ್ಯ ಒಕ್ಕೂಟ, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮುಂದೆ ಕೈ ಚಾಚಿತು. ಬ್ಯಾಂಕುಗಳಿಗೆ ಕೊನೆಗೆ ಸುರಿದದ್ದು ಸುಮಾರು 6,400 ಕೋಟಿ ಯೂರೊ.